ಓಡಲು ಹೆದರುವ ವಿಂಗರ್

ಜಪಾನಿನ 'ಬ್ಲೂ ಲಾಕ್' ಮಂಗಾದಲ್ಲಿ ಚಿಗಿರಿ ಹ್ಯೋಮಾ ಅಂತ ಒಬ್ಬ ಹುಡುಗ ಬರುತ್ತಾನೆ. ಉದ್ದನೆಯ ಕೆಂಗೂದಲು, ಮಾತು ಕಡಿಮೆ, ಮುಖ ಬಲು ನಾಜೂಕು. ಅವನಿರುವ ತಂಡದ ಹುಡುಗರೆಲ್ಲ ಒಟ್ಟಿಗೆ ಕೂತು ತಂತಮ್ಮ ಅಸ್ತ್ರ ಯಾವುದೆಂದು ಹೇಳಿಕೊಳ್ಳುವ ಸನ್ನಿವೇಶವೊಂದು ಆರಂಭದಲ್ಲೇ ಇದೆ. ಒಬ್ಬ ಡ್ರಿಬ್ಲಿಂಗ್ ಅನ್ನುತ್ತಾನೆ, ಒಬ್ಬ ಎಡಗಾಲಿನ ಹೊಡೆತ ಅನ್ನುತ್ತಾನೆ, ಇನ್ನೊಬ್ಬ ಎತ್ತರಕ್ಕೆ ಜಿಗಿಯಬಲ್ಲೆ ಅನ್ನುತ್ತಾನೆ. ಚಿಗಿರಿಯ ಸರದಿ ಬಂದಾಗ ಅವನು ಬಾಯಿಬಿಡುವುದಿಲ್ಲ. ಮೈದಾನಕ್ಕೆ ಇಳಿದ ಮೇಲೂ ಅಷ್ಟೇ. ಚೆಂಡು ಬಂದರೆ ಪಕ್ಕದವನಿಗೆ ದಾಟಿಸುತ್ತಾನೆ, ಕುಕ್ಕುಲೋಟದಲ್ಲಿ ಹಿಂದೆ ಮುಂದೆ ಹೋಗುತ್ತಾನೆ, ಎಲ್ಲೂ ಪೂರ್ತಿ ಜೋರಾಗಿ ಓಡುವುದಿಲ್ಲ. ಓದುಗರಿಗೆ ಆಮೇಲೆ ತಿಳಿಯುತ್ತದೆ: ಆ ಗುಂಪಿನಲ್ಲಿ ಅತಿ ವೇಗವಾಗಿ ಓಡಬಲ್ಲವನು ಅವನೇ. ಬಲಮಂಡಿಯ ಒಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಪಟ್ಟಿ ಒಮ್ಮೆ ಹರಿದಿದೆ. ಇನ್ನೊಮ್ಮೆ ಹರಿದರೆ ಮೊದಲಿನ ಹಾಗೆ ಆಡಲಿಕ್ಕಾಗದು ಎಂದು ವೈದ್ಯರು ಹೇಳಿದ್ದಾರೆ.

ನಾನು ಫುಟ್‌ಬಾಲ್ ಬರಹಗಾರ್ತಿಯಲ್ಲ. ಬೆಂಗಳೂರಿನಲ್ಲಿ ಮಂಡಿ ಆಪರೇಷನ್ ಆದವರನ್ನು ಮೊದಲು ನಡೆಸಿ ಆಮೇಲೆ ಓಡಿಸುವ ಫಿಸಿಯೋಥೆರಪಿಸ್ಟ್. ಹಲಸೂರಿನ ಪಕ್ಕದ ಗೌತಮಪುರ, ಆಸ್ಟಿನ್ ಟೌನ್ ಕಡೆಯಿಂದ ನನ್ನ ಹತ್ತಿರ ಬರುವ ಹುಡುಗರು ಫುಟ್‌ಬಾಲನ್ನೇ ಉಸಿರಾಡುವವರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ ಅಂದರೆ ಉಳಿದದ್ದು ನೀವೇ ಊಹಿಸಿಕೊಳ್ಳಬಹುದು. ಮಂಡಿಗೆ ಐಸ್ ಕಟ್ಟಿಸಿಕೊಂಡು ಮಲಗಿರುವಾಗ ಅವರು ಫೋನಿನಲ್ಲಿ ನೋಡುವುದು ಇದೇ ಬ್ಲೂ ಲಾಕ್. ಅವರಲ್ಲೊಬ್ಬ ಚಿಗಿರಿಯ ಪುಟಗಳನ್ನು ನನ್ನ ಮುಖಕ್ಕೆ ಹಿಡಿದು, "ಮ್ಯಾಮ್, ಇವ್ನು ಒಂದೇ ಮ್ಯಾಚಲ್ಲಿ ವಾಪಸ್ ಬಂದ. ನಂಗ್ಯಾಕೆ ಒಂಬತ್ತು ತಿಂಗ್ಳು?" ಎಂದು ಕೇಳಿದ. ಉತ್ತರ ಕೊಡಬೇಕಾದರೆ ಓದಲೇಬೇಕಲ್ಲ, ಓದಿದೆ. ಮಂಡಿಯ ವಿಷಯದಲ್ಲಿ ಈ ಕಥೆಗಾರರು ಅಲ್ಲಲ್ಲಿ ಸಿಕ್ಕಾಪಟ್ಟೆ ಸುಳ್ಳು ಹೇಳಿದ್ದಾರೆ. ಆದರೆ ಮನಸ್ಸಿನ ವಿಷಯದಲ್ಲಿ ಅವರು ಹೇಳಿರುವ ಒಂದು ನಿಜವನ್ನು ನಮ್ಮ ವೃತ್ತಿಯವರೇ ಬಹುಕಾಲ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಮೊದಲು ಕಥೆಯ ಹಿನ್ನೆಲೆ. 2018ರ ಜುಲೈ 2ರಂದು ರಷ್ಯಾದ ರೊಸ್ತೋವ್ ನಗರದಲ್ಲಿ ವಿಶ್ವಕಪ್‌ನ ಪ್ರೀ ಕ್ವಾರ್ಟರ್‌ಫೈನಲ್. ಬೆಲ್ಜಿಯಂ ಎದುರು ಜಪಾನ್ 2–0 ಮುಂದಿತ್ತು. ಎರಡೂ ಗೋಲು ವಿಂಗರ್‌ಗಳದ್ದೇ, ಅಂದರೆ ರೆಕ್ಕೆಯ ಆಟಗಾರರದ್ದೇ, ಒಂದು ಹರಗುಚಿಯದು, ಇನ್ನೊಂದು ಇನುಯಿಯದು. ಆಮೇಲೆ ಬೆಲ್ಜಿಯಂ ಎರಡು ಗೋಲು ಹೊಡೆದು ಸಮ ಮಾಡಿತು. ಇಂಜುರಿ ಟೈಮಿನ ಕೊನೆಯಲ್ಲಿ ಜಪಾನಿಗೆ ಒಂದು ಕಾರ್ನರ್ ಸಿಕ್ಕಿತು. ಹೋಂಡಾ ಒದ್ದ ಆ ಚೆಂಡನ್ನು ಗೋಲಿ ಕೂರ್ಟ್ವಾ ಹಿಡಿದು ಉರುಳಿಸಿದ್ದೇ ತಡ, ಬೆಲ್ಜಿಯಂ ಮೈದಾನದ ಈ ತುದಿಯಿಂದ ಆ ತುದಿಗೆ ಹಾರಿ ಮೂರನೇ ಗೋಲು ಹೊಡೆಯಿತು. ಜಪಾನಿನ ಎನ್‌ಎಚ್‌ಕೆ ವಾಹಿನಿ ಈ ಓಟದ ಮೇಲೆಯೇ 'ರೊಸ್ತೋವಿನ 14 ಸೆಕೆಂಡು' ಎಂಬ ಸಾಕ್ಷ್ಯಚಿತ್ರ ಮಾಡಿತು. ಆ ಸೋಲಿಗೆ ತಿಂಗಳು ತುಂಬುವ ಹೊತ್ತಿಗೆ, 2018ರ ಆಗಸ್ಟ್ 1ಕ್ಕೆ, ಕೊದಾನ್ಶಾ ಪ್ರಕಾಶನದ 'ವೀಕ್ಲಿ ಶೋನೆನ್ ಮ್ಯಾಗಜೀನ್' ವಾರಪತ್ರಿಕೆಯಲ್ಲಿ ಬ್ಲೂ ಲಾಕ್ ಶುರುವಾಯಿತು. ಕಥೆ ಮುನೆಯುಕಿ ಕನೆಶಿರೋ ಅವರದು, ಚಿತ್ರ ಯೂಸುಕೆ ನೊಮುರಾ ಅವರದು. 2021ರಲ್ಲಿ ಅದಕ್ಕೆ ಹುಡುಗರ ವಿಭಾಗದ ಕೊದಾನ್ಶಾ ಮಂಗಾ ಪ್ರಶಸ್ತಿ ಬಂತು, 2022ರ ಅಕ್ಟೋಬರಿನಲ್ಲಿ ಅನಿಮೆ, ಅಂದರೆ ಟೀವಿಯ ಅನಿಮೇಷನ್ ಸರಣಿ, ಆಯಿತು. ಮಂಗಾ ನೋಡಿರದವರಿಗೆ ಒಂದು ಮಾತು: ಅದು ಬಲದಿಂದ ಎಡಕ್ಕೆ ಓದುವ ಚಿತ್ರಕಥೆ. ವಾರಕ್ಕೊಂದು ಅಧ್ಯಾಯದಂತೆ ವರ್ಷಗಟ್ಟಲೆ ಹರಿಯುತ್ತದೆ. ಫುಟ್‌ಬಾಲಿನ ಒಂದು ಪಂದ್ಯ ಮುಗಿಯಲು ಅದರಲ್ಲಿ ತಿಂಗಳುಗಳೇ ಹಿಡಿಯಬಹುದು.

ಕಥೆ ಇಷ್ಟು. ಜಪಾನಿಗೆ ವಿಶ್ವಕಪ್ ಬೇಕು, ಅದಕ್ಕೆ ಸ್ವಾರ್ಥಿಯಾದ ಒಬ್ಬ ಸ್ಟ್ರೈಕರ್ ಬೇಕು ಎಂದು ಎಗೋ ಜಿನ್‌ಪಾಚಿ ಎಂಬ ಕಡ್ಡಿಮೈಯ ಕೋಚ್ ವಾದಿಸುತ್ತಾನೆ. ದೇಶದ 300 ಹೈಸ್ಕೂಲ್ ಸ್ಟ್ರೈಕರ್‌ಗಳನ್ನು ಜೈಲಿನಂಥ ಕಟ್ಟಡದೊಳಗೆ ಕೂಡಿಹಾಕಿ ಪರಸ್ಪರ ಕಾದಾಡಿಸುತ್ತಾನೆ. ಸೋತು ಹೊರಬಿದ್ದವರು ಜೀವಮಾನದಲ್ಲಿ ಜಪಾನ್ ರಾಷ್ಟ್ರೀಯ ತಂಡಕ್ಕೆ ಆಡುವಂತಿಲ್ಲ. ಗೆದ್ದು ಉಳಿದವನೊಬ್ಬ ಜಗತ್ತಿನ ಶ್ರೇಷ್ಠ ಸ್ಟ್ರೈಕರ್. ತಾಯಂದಿರು ಕೇಳಿದರೆ ಪೊಲೀಸರಿಗೆ ಫೋನ್ ಮಾಡುವಂಥ ಯೋಜನೆ, ಆದರೆ ಹದಿನಾರರ ಹುಡುಗರಿಗೆ ಇದಕ್ಕಿಂತ ರುಚಿಯಾದ ಕಥೆ ಇನ್ನೊಂದಿಲ್ಲ. ನಾಯಕ ಇಸಾಗಿ ಯೋಯಿಚಿ. ಚಿಗಿರಿ ಅವನ ಜೊತೆಗೆ 'ಝಡ್' ತಂಡದಲ್ಲಿದ್ದಾನೆ.

ಎಲ್ಲರೂ ಸ್ಟ್ರೈಕರ್‌ಗಳೇ ಆದ ಈ ಕಟ್ಟಡದಲ್ಲಿ ವಿಂಗರ್ ಹೇಗೆ ಬಂದ ಎಂದು ಕೇಳಬಹುದು. ವಿಂಗರ್ ಅಂದರೆ ಮೈದಾನದ ಅಂಚಿನ ಸುಣ್ಣದ ಗೆರೆಗೆ ಅಂಟಿಕೊಂಡು ಆಡುವವನು. ಹಳೆಯ ಕಾಲದಲ್ಲಿ ಅವನ ಕೆಲಸ ಸರಳವಾಗಿತ್ತು: ಎದುರಿನ ಬ್ಯಾಕ್‌ನನ್ನು ದಾಟು, ಗೆರೆಯ ತುದಿಗೆ ಹೋಗು, ಗೋಲಿನ ಮುಂದೆ ನಿಂತವನ ತಲೆಗೆ ಚೆಂಡು ಕಳಿಸು. ಹೆಸರು ಹೊಡೆದವನಿಗೆ, ಬೆವರು ಓಡಿದವನಿಗೆ. ಬ್ರೆಜಿಲ್‌ನ ಗರಿಂಚಾ ಸೊಟ್ಟಗಾಲಲ್ಲಿ ಪ್ರತಿ ಸಲವೂ ಅದೇ ಬಲಕ್ಕೆ ತಿರುಗಿ ಹೋಗುತ್ತಿದ್ದ. ಬಲಕ್ಕೇ ಬರುತ್ತಾನೆ ಎಂದು ಗೊತ್ತಿದ್ದರೂ ಯಾರಿಗೂ ತಡೆಯಲಾಗುತ್ತಿರಲಿಲ್ಲ. ಈಗ ರೆಕ್ಕೆಯವರೇ ಗೋಲು ಹೊಡೆಯುತ್ತಾರೆ. ಎಡಗಾಲಿನ ಮೊಹಮ್ಮದ್ ಸಲಾ ಬಲ ಅಂಚಿನಿಂದ ಒಳಕ್ಕೆ ಕೊಯ್ದುಕೊಂಡು ಬಂದು 2017–18ರ ಪ್ರೀಮಿಯರ್ ಲೀಗ್‌ನಲ್ಲಿ 32 ಗೋಲು ಬಾರಿಸಿದ. ಹಾಗಾಗಿ ಓಟಗಾರ ಹುಡುಗನೊಬ್ಬನನ್ನು ಸ್ಟ್ರೈಕರ್‌ಗಳ ಗುಂಪಿಗೆ ಸೇರಿಸಿದ್ದರಲ್ಲಿ ಕಥೆಗಾರರ ತಪ್ಪೇನಿಲ್ಲ.

ಜಪಾನಿಗಂತೂ ಈಗ ವಿಂಗರ್‌ಗಳದೇ ಸುಗ್ಗಿ. 2022ರ ಡಿಸೆಂಬರ್ 1ರಂದು ಕತಾರ್ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಎಡ ರೆಕ್ಕೆಯ ಕವೋರು ಮಿತೋಮಾ ಗೆರೆ ದಾಟಿಯೇಬಿಟ್ಟಿತು ಅನ್ನಿಸಿದ ಚೆಂಡನ್ನು ಜಾರಿಬಿದ್ದು ಹಿಂದಕ್ಕೆ ತಳ್ಳಿದ. ತನಾಕಾ ಅದನ್ನು ಗೋಲಿಗೆ ಸೇರಿಸಿದ. ಚೆಂಡು ಪೂರ್ತಿ ಹೊರಗೆ ಹೋಗಿಲ್ಲ ಎಂದು ವಿಡಿಯೊ ರೆಫರಿ ತೀರ್ಪು ಕೊಟ್ಟರು. 'ಮಿತೋಮಾನ 1 ಮಿಲಿಮೀಟರ್' ಎಂದು ಇಡೀ ಜಪಾನ್ ಕೊಂಡಾಡಿತು. ಈ ಮಿತೋಮಾ ವೃತ್ತಿಪರ ಕ್ಲಬ್ಬಿನ ಕರೆಯನ್ನು ಮುಂದೂಡಿ ತ್ಸುಕುಬಾ ವಿಶ್ವವಿದ್ಯಾಲಯ ಸೇರಿದವನು. ಅಲ್ಲಿ ಡ್ರಿಬ್ಲಿಂಗ್ ಬಗ್ಗೆಯೇ ಪ್ರಬಂಧ ಬರೆದ. ಸಹ ಆಟಗಾರರ ತಲೆಗೆ ಕ್ಯಾಮೆರಾ ಕಟ್ಟಿ, ಚೆನ್ನಾಗಿ ಡ್ರಿಬಲ್ ಮಾಡುವವರ ಕಣ್ಣು ಎಲ್ಲಿರುತ್ತದೆಂದು ನೋಡಿದ. ಆ ವಾರಗಳಲ್ಲಿ ಜಪಾನಿನ ಟೀವಿಯಲ್ಲಿ ಬ್ಲೂ ಲಾಕ್ ಅನಿಮೆಯೂ ಓಡುತ್ತಿತ್ತು. ಕಥೆಗಿಂತ ನಿಜವೇ ಹೆಚ್ಚು ಮಂಗಾದ ಹಾಗಿತ್ತು.

ಚಿಗಿರಿಯ ಊರು ಕಾಗೋಶಿಮಾ. ಜಪಾನಿನ ಮುಖ್ಯ ದ್ವೀಪಗಳ ದಕ್ಷಿಣದ ತುದಿ. ಎದುರಿಗೆ ಸಾಕುರಾಜಿಮಾ ಜ್ವಾಲಾಮುಖಿ ಹೊಗೆಯಾಡುತ್ತ, ಊರಿನ ಮೇಲೆ ಬೂದಿ ಉದುರಿಸುತ್ತ ಇರುತ್ತದೆ. ಜಪಾನ್ ಪರ 152 ಪಂದ್ಯ ಆಡಿ ದಾಖಲೆ ಮಾಡಿದ ಯಾಸುಹಿತೋ ಎಂಡೋ ಈ ನೆಲದವನು. ಯೂಯಾ ಒಸಾಕೋ ಕೂಡ ಇಲ್ಲಿಯವನೇ. 2008–09ರ ಅಖಿಲ ಜಪಾನ್ ಹೈಸ್ಕೂಲ್ ಟೂರ್ನಿಯಲ್ಲಿ ಒಬ್ಬನೇ 10 ಗೋಲು ಹೊಡೆದ. ಅವನ ಕೈಲಿ ಸೋತ ತಂಡದ ನಾಯಕ ಡ್ರೆಸ್ಸಿಂಗ್ ರೂಮಿನಲ್ಲಿ ಅತ್ತುಕೊಂಡೇ ಅವನನ್ನು ಹೊಗಳುವ ದೃಶ್ಯ ಇವತ್ತಿಗೂ ಜಪಾನಿನಲ್ಲಿ ಪ್ರಸಿದ್ಧ. ಹೊಸ ವರ್ಷದ ಆಸುಪಾಸಿನಲ್ಲಿ ನಡೆಯುವ ಆ ಟೂರ್ನಿ ಜಪಾನಿನ ಹುಡುಗರಿಗೆ ದೊಡ್ಡ ಹಬ್ಬ. ಶಾಲೆಯ ತಂಡಕ್ಕೆ ಆಡುವುದೇ ಅಲ್ಲಿ ಒಂದು ಬದುಕು. ಅಂಥ ಊರಿನ ಬಲಿಷ್ಠ ಶಾಲೆಯೊಂದಕ್ಕೆ, ಶಾಲೆಯೇನೋ ಕಲ್ಪಿತ, ಚಿಗಿರಿ ಮೊದಲ ವರ್ಷಕ್ಕೇ ಸೇರಿ ಹಿರಿಯರನ್ನೆಲ್ಲ ಹಿಂದೆ ಹಾಕಿದ್ದ. ವಾನಿಮಾ ಅವಳಿಗಳು ಎಂಬ ಇಬ್ಬರಿಗೆ ಅದನ್ನು ಸಹಿಸಲಾಗಲಿಲ್ಲ. ಪಂದ್ಯವೊಂದರಲ್ಲಿ ಅವನ ಮಂಡಿ ಹರಿದಾಗ ಅವರಿಗೆ ಸಂತೋಷವೇ ಆಯಿತು. ಕಥೆಯ ಈ ಕ್ರೌರ್ಯ ನನಗೆ ಅತಿ ಅನ್ನಿಸಲಿಲ್ಲ. ತಂಡದಲ್ಲಿ ಒಬ್ಬನ ಕಾಲು ಮುರಿದರೆ ಇನ್ನೊಬ್ಬನಿಗೆ ಜಾಗ ಸಿಗುತ್ತದೆ. ಆಸ್ಪತ್ರೆಗೆ ಬಾಳೆಹಣ್ಣು ತಂದವರೆಲ್ಲ ದುಃಖಪಟ್ಟೇ ಬಂದಿರುತ್ತಾರೆ ಎಂದೇನಿಲ್ಲ.

ಈಗ ಮಂಡಿಯ ಮಾತು. ತೊಡೆಯ ಮೂಳೆ ಮತ್ತು ಕಣಕಾಲಿನ ಮೂಳೆಗಳ ನಡುವೆ, ಮಂಡಿಯ ಒಳಗೆ, ಎರಡು ಲಿಗಮೆಂಟ್‌ಗಳು ಒಂದಕ್ಕೊಂದು ಅಡ್ಡವಾಗಿ ಹಾಯುತ್ತವೆ. ಮುಂದಿನದು ಎಸಿಎಲ್. ಉದ್ದ ಸುಮಾರು 3 ಸೆಂಟಿಮೀಟರ್. ಕಾಲಿನ ಮೂಳೆ ತೊಡೆಮೂಳೆಯ ಕೆಳಗಿನಿಂದ ಮುಂದಕ್ಕೆ ಜಾರದಂತೆ, ಹೆಚ್ಚು ತಿರುಚಿಕೊಳ್ಳದಂತೆ ಹಿಡಿದಿಡುವುದು ಅದರ ಕೆಲಸ. ನಡೆಯುವವರಿಗೆ ಅದಿಲ್ಲದೆಯೂ ನಡೆದೀತು. ಓಡುತ್ತ ತಟ್ಟನೆ ನಿಂತು ದಿಕ್ಕು ಬದಲಿಸುವವರಿಗೆ ಅದಿಲ್ಲದಿದ್ದರೆ ಮಂಡಿ ಕೈಕೊಡುತ್ತದೆ.

ಯಾರೋ ಬಂದು ಗುದ್ದಿದ್ದರಿಂದ ಎಸಿಎಲ್ ಹರಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸುಮಾರು ನೂರಕ್ಕೆ ಎಪ್ಪತ್ತು ಪ್ರಕರಣಗಳಲ್ಲಿ ಹತ್ತಿರ ಯಾರೂ ಇರುವುದಿಲ್ಲ. ಹುಡುಗ ತಾನೇ ಓಡುತ್ತಾನೆ, ನಿಲ್ಲಲು ಕಾಲೂರುತ್ತಾನೆ, ಪಾದ ನೆಲಕ್ಕೆ ಅಂಟಿಕೊಂಡಿರುವಾಗಲೇ ಮೈ ಒಂದು ಕಡೆ ತಿರುಗಿ, ಮಂಡಿ ಒಳಕ್ಕೆ ಬಾಗುತ್ತದೆ. ಟಪ್ ಅಂತ ಸದ್ದು ಕೇಳಿಸಿತು ಎಂದು ಎಷ್ಟೋ ಜನ ಹೇಳುತ್ತಾರೆ. ಕೆಲವೇ ಗಂಟೆಗಳಲ್ಲಿ ಮಂಡಿ ಊದುತ್ತದೆ. ಇದೇ ಆಟದಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚಾಗಿ ಹರಿಯುತ್ತದೆ. ನನ್ನ ಹತ್ತಿರ ಬರುವ ಕಬಡ್ಡಿ, ಫುಟ್‌ಬಾಲ್ ಹುಡುಗಿಯರನ್ನು ಅವರ ಮನೆಯವರು "ಇನ್ನು ಆಟ ಸಾಕು" ಎಂದು ನಿಲ್ಲಿಸಿಬಿಡುವುದೂ ಹೆಚ್ಚು. ಅವರಿಗೆ ಚಿಗಿರಿಯಂಥ ಕಥೆಯೂ ಸಿಕ್ಕಿಲ್ಲ.

ಗಮನಿಸಬೇಕಾದ್ದು ಏನೆಂದರೆ, ಓಟ ಮಂಡಿಯನ್ನು ಹರಿಯುವುದಿಲ್ಲ, ನಿಲ್ಲುವುದು ಹರಿಯುತ್ತದೆ. ವಿಂಗರ್‌ನ ಕಸುಬೇ ನಿಲ್ಲುವುದು ಮತ್ತೆ ಹೊರಡುವುದು. ಎದುರಾಳಿಯನ್ನು ದಾಟುವುದು ಬರೀ ವೇಗದಿಂದಲ್ಲ. ಪೂರ್ತಿ ವೇಗದಿಂದ ಅರ್ಧ ವೇಗಕ್ಕೆ ಇಳಿದು, ಅವನು ತೂಕ ಒಂದು ಕಾಲಿನ ಮೇಲೆ ಹಾಕಿದ ಕ್ಷಣ ಮತ್ತೆ ಸಿಡಿಯುವುದರಿಂದ. ಮಂಡಿಯ ಒಳಗಿನ ಆ ಪಟ್ಟಿಗೆ ಅತಿ ಹೆಚ್ಚು ಹೊರೆ ಬೀಳುವುದೂ ಅಲ್ಲೇ. ವೇಗದ ಹುಡುಗನಿಗೆ ನಿಲ್ಲಿಸಬೇಕಾದ ವೇಗವೂ ಜಾಸ್ತಿ.

ಹರಿದ ಎಸಿಎಲ್ ಸಾಮಾನ್ಯವಾಗಿ ತಾನಾಗಿ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಸರ್ಜನ್ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜು ತೆಗೆದು, ಎರಡೂ ಮೂಳೆಗಳಲ್ಲಿ ರಂಧ್ರ ಕೊರೆದು ಅದನ್ನು ಕೂರಿಸುತ್ತಾರೆ. ತೋಟದ ಮಾವಿನ ಕಸಿಯನ್ನು ನೆನೆಸಿಕೊಳ್ಳಿ: ಕಟ್ಟಿದ ದಿನ ಗಟ್ಟಿಯಾಗಿಯೇ ಕಾಣುತ್ತದೆ, ಆದರೆ ಒಳಗೆ ಜೀವ ಹರಿಯುವ ತನಕ ಅದು ನಿಮ್ಮ ನಂಬಿಕೆಯ ಮೇಲೆ ನಿಂತಿರುತ್ತದೆ. ಮಂಡಿಯ ಕಸಿಯೂ ಮೊದಲ ಕೆಲವು ವಾರ ಕಳೆದ ಮೇಲೆ, ಹೊಸ ರಕ್ತನಾಳ ಬೆಳೆಯುವ ಹೊತ್ತಿನಲ್ಲಿ, ಮೊದಲಿಗಿಂತ ದುರ್ಬಲವಾಗುತ್ತದೆ. ಹುಡುಗನಿಗೆ ಆಗ ನೋವು ಕಡಿಮೆ, ಊತ ಕಡಿಮೆ, ಮಾತು ಜಾಸ್ತಿ. "ಎಲ್ಲಾ ಸರಿಯಾಗಿದೆ ಮ್ಯಾಮ್" ಎಂದು ಅವನು ಹೇಳುವ ಕಾಲವೇ ಅತಿ ಅಪಾಯದ ಕಾಲ.

ಮೊದಲ ಕೆಲಸ ಮಂಡಿಯನ್ನು ಪೂರ್ತಿ ನೇರ ಮಾಡಿಸುವುದು. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತಿಸುವುದು. ಆಮೇಲೆ ಸೈಕಲ್, ಅರ್ಧ ಬೈಠಕ್, ಒಂದೇ ಕಾಲಿನಲ್ಲಿ ಮೆಟ್ಟಿಲು. ಆಪರೇಷನ್ ಆದ ಕಾಲಿನ ತೊಡೆ ನೋಡನೋಡುತ್ತ ಸೊರಗುತ್ತದೆ. ಟೇಪು ಹಿಡಿದು ಅಳೆದು ತೋರಿಸಿದಾಗ ಹುಡುಗರ ಮುಖ ಬಾಡುತ್ತದೆ. ನೇರ ಓಟ ಮೂರು ನಾಲ್ಕು ತಿಂಗಳಿಗೆ, ದಿಕ್ಕು ಬದಲಿಸುವುದು ಅದಕ್ಕೂ ಆಮೇಲೆ. ಒಂಟಿ ಕಾಲಿನಲ್ಲಿ ಕುಪ್ಪಳಿಸಿ ಎಷ್ಟು ದೂರ ಬೀಳುತ್ತಾನೆ ಎಂದು ಎರಡೂ ಕಾಲಿಗೆ ಅಳೆಯುತ್ತೇವೆ. ಕೆಟ್ಟ ಕಾಲು ಒಳ್ಳೆಯ ಕಾಲಿನ ನೂರಕ್ಕೆ ತೊಂಬತ್ತು ಭಾಗ ಮುಟ್ಟಬೇಕು. ಒಂಬತ್ತು ತಿಂಗಳಿಗೆ ಮೊದಲು ಪಂದ್ಯ ಬೇಡ ಎಂಬುದು ಯಾರದೋ ಅಂಜುಬುರುಕತನವಲ್ಲ. ಬೇಗ ಮರಳಿದವರ ಮಂಡಿ ಮತ್ತೆ ಹರಿಯುವುದು ಎಷ್ಟೋ ಹೆಚ್ಚು. ಇಷ್ಟೆಲ್ಲ ಮಾಡಿಯೂ, ಆಟಕ್ಕೆ ಮರಳಿದ ಎಳೆಯರಲ್ಲಿ ಐವರಿಗೊಬ್ಬರಂತೆ ಮತ್ತೆ ಎಸಿಎಲ್ ಹರಿದುಕೊಳ್ಳುತ್ತಾರೆ. ಅದೇ ಮಂಡಿಯಲ್ಲಿ, ಇಲ್ಲವೇ ಇನ್ನೊಂದರಲ್ಲಿ.

ಅಂದರೆ ಚಿಗಿರಿಯ ಹೆದರಿಕೆ ಹುಚ್ಚಲ್ಲ. ಅದು ಲೆಕ್ಕ ಗೊತ್ತಿರುವವನ ಹೆದರಿಕೆ.

ಮಂಗಾದ ಹುಡುಗರು ಮೊದಲಿನಿಂದಲೂ ಗಾಯಗೊಂಡೇ ಆಡಿದವರು. ಯೋಯಿಚಿ ತಕಹಾಶಿ 1981ರಲ್ಲಿ ಶುರು ಮಾಡಿದ 'ಕ್ಯಾಪ್ಟನ್ ತ್ಸುಬಾಸಾ'ದಲ್ಲಿ ಮಿಸುಗಿ ಎಂಬ ಪ್ರತಿಭಾವಂತನಿಗೆ ಹೃದಯದ ಕಾಯಿಲೆ. ಪೂರ್ತಿ ಪಂದ್ಯ ಆಡಬಾರದೆಂದು ವೈದ್ಯರು ಹೇಳಿದ್ದರೂ ಎದೆ ಹಿಡಿದುಕೊಂಡೇ ಆಡುತ್ತಾನೆ. ನಾಯಕ ತ್ಸುಬಾಸಾನೂ ಮಿಡ್ಲ್ ಸ್ಕೂಲ್ ಫೈನಲ್ಲನ್ನು ಗಾಯದಲ್ಲೇ ಮುಗಿಸುತ್ತಾನೆ. ಆ ಕಥೆಯ ಮಾಯೆ ಎಷ್ಟಿತ್ತೆಂದರೆ ಜಪಾನಿನ ಒಂದು ಇಡೀ ಪೀಳಿಗೆ ಅದನ್ನು ಓದಿ ಚೆಂಡು ಹಿಡಿಯಿತು. ಆದರೆ ಫಿಸಿಯೋ ಕಣ್ಣಿನಿಂದ ಓದಿದರೆ ಮೈ ಜುಮ್ಮೆನ್ನುತ್ತದೆ. ನೋವನ್ನು ನುಂಗಿದವನೇ ಧೀರ ಎಂಬ ಪಾಠ ಅದರಲ್ಲಿ ಪುಟಪುಟಕ್ಕೂ ಇದೆ. ತೊಂಬತ್ತರ ದಶಕದ ಬ್ಯಾಸ್ಕೆಟ್‌ಬಾಲ್ ಮಂಗಾ 'ಸ್ಲ್ಯಾಮ್ ಡಂಕ್' ಇನ್ನಷ್ಟು ಪ್ರಾಮಾಣಿಕ. ಅಲ್ಲಿಯ ಮಿತ್ಸುಯಿ ಮಂಡಿ ನೋವು ಪೂರ್ತಿ ಮಾಗುವ ಮೊದಲೇ ಅಂಕಣಕ್ಕೆ ಹಾರುತ್ತಾನೆ, ಮತ್ತೆ ಕುಸಿಯುತ್ತಾನೆ, ಆಟ ಬಿಟ್ಟು ಪೋಲಿಗಳ ಸಂಗ ಸೇರುತ್ತಾನೆ. ಅದರಲ್ಲೂ ಸಮಸ್ಯೆ ಅವಸರದ್ದು, ಹೆದರಿಕೆಯದ್ದಲ್ಲ.

ಚಿಗಿರಿ ಇವರೆಲ್ಲರಿಗಿಂತ ಬೇರೆ. ಅವನ ಮಂಡಿ ವಾಸಿಯಾಗಿದೆ. ಅವನಿಗೆ ನೋವಿಲ್ಲ. ಬ್ಲೂ ಲಾಕ್‌ಗೆ ಅವನು ಬಂದದ್ದು ಗೆಲ್ಲಲಿಕ್ಕಲ್ಲ, ಫುಟ್‌ಬಾಲ್ ಬಿಡಲು ಒಂದು ಮರ್ಯಾದಸ್ಥ ಕಾರಣ ಹುಡುಕಿಕೊಂಡು. ಇಲ್ಲಿ ಸೋತು ಹೊರಬಿದ್ದರೆ ಆಮೇಲೆ ಆಡದಿರುವುದಕ್ಕೆ ಯಾರೂ ಅವನನ್ನು ದೂರುವುದಿಲ್ಲ, ಅವನೂ ತನ್ನನ್ನು ದೂರಿಕೊಳ್ಳಬೇಕಿಲ್ಲ. ಈ ಭಾಗ ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ಏಕೆಂದರೆ ಇಂಥವರನ್ನು ನಾನು ನೋಡಿದ್ದೇನೆ. ಪರೀಕ್ಷೆಯಲ್ಲೆಲ್ಲ ಪಾಸು, ಕುಪ್ಪಳಿಸಿದರೆ ನೂರಕ್ಕೆ ತೊಂಬತ್ತೈದು, ಆದರೆ ಮೈದಾನಕ್ಕೆ ಹೋಗು ಎಂದರೆ "ಎಕ್ಸಾಮ್ ಇದೆ", "ಅಪ್ಪಾಜಿ ಬೇಡ ಅಂತಾರೆ", "ಶೂ ಚಿಕ್ಕದಾಗಿದೆ". ಶೂ ಚಿಕ್ಕದಾಗಿರುವುದಿಲ್ಲ.

ಎಸಿಎಲ್ ಆಪರೇಷನ್ ಆದವರಲ್ಲಿ ಹತ್ತಕ್ಕೆ ಎಂಟು ಜನ ಯಾವುದಾದರೊಂದು ಆಟಕ್ಕೆ ಮರಳುತ್ತಾರೆ. ಸ್ಪರ್ಧೆಯ ಮಟ್ಟಕ್ಕೆ ಮರಳುವವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದವರ ಮಂಡಿಗಳೆಲ್ಲ ಕೆಟ್ಟಿವೆ ಎಂದಲ್ಲ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 12 ಪ್ರಶ್ನೆಗಳ ಒಂದು ಪಟ್ಟಿ ತಯಾರಿಸಿದರು. ಎಸಿಎಲ್-ಆರ್‌ಎಸ್‌ಐ ಎಂದು ಅದರ ಹೆಸರು. ಆಡುವಾಗ ಮಂಡಿ ಕೈಕೊಡುವುದಿಲ್ಲ ಎಂಬ ಭರವಸೆ ಇದೆಯೇ, ಮತ್ತೆ ಪೆಟ್ಟಾದೀತೆಂಬ ಭಯ ಇದೆಯೇ, ಆಪರೇಷನ್ನನ್ನೂ ಕಸರತ್ತುಗಳನ್ನೂ ಮತ್ತೊಮ್ಮೆ ಅನುಭವಿಸಬೇಕಾದೀತು ಎಂಬ ಯೋಚನೆಯೇ ನಿಮ್ಮನ್ನು ತಡೆಯುತ್ತಿದೆಯೇ, ಹೀಗೆ. ಪಟ್ಟಿಯಲ್ಲಿ ಕಡಿಮೆ ಅಂಕ ಬಂದವರು ಮರಳುವುದು ಕಡಿಮೆ. ನಾನು ಕಲಿಯುವಾಗ ಈ ಪ್ರಶ್ನೆಗಳನ್ನು ಯಾರೂ ಕೇಳಿಸುತ್ತಿರಲಿಲ್ಲ. ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಎಂದು ಬರೆದುಕೊಂಡರೆ ನಮ್ಮ ಕೆಲಸ ಮುಗಿಯುತ್ತಿತ್ತು. ಚಿಗಿರಿಗೆ ಆ ಪಟ್ಟಿ ಕೊಟ್ಟಿದ್ದರೆ, ತಂಡಕ್ಕೆ ತನ್ನ ಅಸ್ತ್ರ ಹೇಳದ ಹಾಗೆಯೇ ನನಗೂ ಖಾಲಿ ಹಾಳೆ ವಾಪಸ್ ಕೊಡುತ್ತಿದ್ದ.

ಇನ್ನು ಅವನು ಓಡಿದ ಪಂದ್ಯ. ಎದುರಾಳಿ 'ಡಬ್ಲ್ಯು' ತಂಡ, ಅದರಲ್ಲಿರುವವರು ಅದೇ ವಾನಿಮಾ ಅವಳಿಗಳು. ಚಿಗಿರಿಯ ಮಂಡಿಯ ಕಥೆ ಅವರಿಗೆ ಗೊತ್ತು, ಮೈದಾನದಲ್ಲಿ ಅದನ್ನೇ ಎತ್ತಿ ಕೆಣಕುತ್ತಾರೆ. ಜೊತೆಗೆ ಚಿಗಿರಿಯ ತಂಡದ ಕುವೋನ್ ಎಂಬುವನು ಎದುರಾಳಿಗಳಿಗೆ ಗುಟ್ಟು ಮಾರಿಕೊಂಡಿದ್ದಾನೆ. ಎದುರಾಳಿಗಳ ಪಾಲಾದ ಅವನನ್ನು ಬಿಟ್ಟರೆ ಈ ಕಡೆ ಆಡಲು ಉಳಿದವರು ಹತ್ತೇ ಜನ. ಸೋಲು ಖಚಿತವೆನಿಸಿದ ಮೇಲೂ ಇಸಾಗಿ ಬಿಡದೆ ಓಡುತ್ತಿರುವುದನ್ನು ಚಿಗಿರಿ ಹಿಂದಿನಿಂದ ನೋಡುತ್ತ ನಿಂತಿದ್ದಾನೆ. ನೋಡುತ್ತ ನೋಡುತ್ತ ಅವನೊಳಗೆ ಏನೋ ಸಿಡಿಯುತ್ತದೆ. ಹರಿದರೆ ಹರಿಯಲಿ ಎಂದು ಹೊರಟೇಬಿಡುತ್ತಾನೆ. ಚೆಂಡನ್ನು ತನಗಿಂತ ತುಂಬ ಮುಂದಕ್ಕೆ, ಖಾಲಿ ಜಾಗಕ್ಕೆ ಒದ್ದು ಅದರ ಹಿಂದೆ ಓಡುತ್ತಾನೆ. ಮೊದಲು ಹೊರಟವರನ್ನೂ ಹಿಂದೆ ಹಾಕಿ ಚೆಂಡನ್ನು ಮುಟ್ಟುತ್ತಾನೆ, ಗೋಲು ಹೊಡೆಯುತ್ತಾನೆ. ಪಂದ್ಯ 4–4ರಲ್ಲಿ ಸಮವಾಗುತ್ತದೆ. 'ಕ್ಯಾಪ್ಟನ್ ತ್ಸುಬಾಸಾ'ದ ಆ ಮಿಡ್ಲ್ ಸ್ಕೂಲ್ ಫೈನಲ್ ಕೂಡ 4–4ರಲ್ಲೇ ಮುಗಿದು ಎರಡೂ ತಂಡ ಚಾಂಪಿಯನ್ ಆಗಿದ್ದವು. ಬೇಕೆಂದೇ ಮಾಡಿದರೋ, ಹಾಗೇ ಬಂತೋ.

ನೊಮುರಾ ಈ ಓಟ ಬಿಡಿಸಿರುವ ರೀತಿ ನೋಡಬೇಕು. ಚೌಕಟ್ಟುಗಳ ಗೆರೆಗಳೇ ಓರೆಯಾಗುತ್ತವೆ, ಕೂದಲು ಹಿಂದಕ್ಕೆ ಹಾರುತ್ತದೆ, ಉಳಿದವರೆಲ್ಲ ಕಪ್ಪು ಗೀರುಗಳಾಗಿ ಕರಗುತ್ತಾರೆ. ಅಷ್ಟು ಪುಟಗಳವರೆಗೆ ತಡೆದಿಟ್ಟಿದ್ದ ವೇಗವನ್ನು ಒಮ್ಮೆಲೇ ಬಿಟ್ಟಿದ್ದರಿಂದ ಬರುವ ಸುಖ ಅದು. ನನ್ನ ಹುಡುಗರು ಆ ಪುಟಗಳನ್ನು ಮತ್ತೆ ಮತ್ತೆ ಯಾಕೆ ನೋಡುತ್ತಾರೆಂದು ನನಗೆ ಅರ್ಥವಾಯಿತು.

ವೃತ್ತಿಯ ಲೆಕ್ಕದಲ್ಲಿ ಹೇಳುವುದಾದರೆ, ಆ ಓಟ ಅವನು ಮಾಡಬಹುದಾದದ್ದರಲ್ಲಿ ಜಾಣತನದ್ದೇ. ಚೆಂಡನ್ನು ಮುಂದೆ ಒದ್ದು ಹೆಚ್ಚುಕಡಿಮೆ ನೇರವಾಗಿ ಓಡುವುದು ಮಂಡಿಗೆ ಅಷ್ಟು ಭಾರವಲ್ಲ. ನನಗೆ ಎದೆ ಹೊಡೆದುಕೊಂಡದ್ದು ಗೋಲು ಹೊಡೆದ ಮೇಲೆ ಅವನು ಹೇಗೆ ನಿಲ್ಲುತ್ತಾನೋ ಎಂದು. ಆ ಪುಟದಲ್ಲಿ ಉಸಿರು ಬಿಗಿಹಿಡಿದವಳು ಬಹುಶಃ ನಾನೊಬ್ಬಳೇ ಇರಬೇಕು.

ಸುಳ್ಳಿರುವುದು ಇಲ್ಲಿ: ಇಷ್ಟು ಕಾಲ ಪೂರ್ತಿ ವೇಗದಲ್ಲಿ ಓಡದ ಕಾಲು ಒಂದು ದಿನ ತಟ್ಟನೆ ಪೂರ್ತಿ ವೇಗಕ್ಕೆ ಹೋದರೆ ಮೊದಲು ಕೈಕೊಡುವುದು ಮಂಡಿಯಲ್ಲ, ಹ್ಯಾಮ್‌ಸ್ಟ್ರಿಂಗ್. ವೇಗವನ್ನೂ ಡೋಸ್ ಡೋಸಾಗಿ ಕೊಡಬೇಕು, ಈ ವಾರ ಅರವತ್ತು ಭಾಗ, ಮುಂದಿನ ವಾರ ಎಪ್ಪತ್ತು. ಧೈರ್ಯವೂ ಅಷ್ಟೇ. ಅದು ಗೆಳೆಯನ ಒಂದು ಓಟ ನೋಡಿ ಉಕ್ಕುವುದಕ್ಕಿಂತ, ಮಂಗಳವಾರ ಬೆಳಿಗ್ಗೆ ಕೋನ್‌ಗಳ ನಡುವೆ ಹತ್ತು ಸಲ ತಿರುಗಿ ಹನ್ನೊಂದನೆಯ ಸಲ ಮಂಡಿಯ ನೆನಪೇ ಆಗದೆ ತಿರುಗಿದಾಗ ಬರುವುದೇ ಹೆಚ್ಚು. ಆದರೆ ಕೋನ್ ಸುತ್ತುವುದನ್ನು ಯಾವ ವಾರಪತ್ರಿಕೆ ಅಚ್ಚು ಹಾಕೀತು?

ನಿಜ ಜೀವನದ ಚಿಗಿರಿ ಬೇಕೆಂದರೆ ಇಟಲಿಯ ರೊಬೆರ್ತೊ ಬಾಜ್ಜೋ ಇದ್ದಾನೆ. 1985ರ ಮೇ ತಿಂಗಳಲ್ಲಿ, 18ನೆಯ ವಯಸ್ಸಿಗೆ, ವಿಚೆನ್ಜಾ ತಂಡಕ್ಕೆ ಆಡುವಾಗ ಅವನ ಬಲಮಂಡಿ ಹರಿಯಿತು. ಫ್ಯೋರೆಂತೀನಾ ಆಗಷ್ಟೇ ಅವನನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತ್ತು. ಮಂಡಿ ಹೋದರೂ ಕ್ಲಬ್ ಮಾತಿಗೆ ತಪ್ಪಲಿಲ್ಲ. ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿ ಆಪರೇಷನ್ ಆಯಿತು, ಮರಳಲು ಬಹಳ ಕಾಲ ಹಿಡಿಯಿತು. 1993ರಲ್ಲಿ, ಆಗ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿಓರ್ ಅವನ ಕೈಗೆ ಬಂತು. ಅಷ್ಟಾದ ಮೇಲೆ 2002ರ ಜನವರಿಯಲ್ಲಿ ಎಡಮಂಡಿಯ ಎಸಿಎಲ್ ಹರಿಯಿತು. ನಾನು ಹೇಳಿದೆನಲ್ಲ, ಇನ್ನೊಂದು ಕಾಲು. ಆ ವರ್ಷದ ವಿಶ್ವಕಪ್ ಜಪಾನ್ ಮತ್ತು ಕೊರಿಯಾದಲ್ಲಿತ್ತು. 35ರ ಬಾಜ್ಜೋ ಮೂರು ತಿಂಗಳೊಳಗೆ ಮೈದಾನಕ್ಕೆ ಮರಳಿ, ತನ್ನ ಹಳೆಯ ಕ್ಲಬ್ ಫ್ಯೋರೆಂತೀನಾ ವಿರುದ್ಧವೇ ಎರಡು ಗೋಲು ಹೊಡೆದ. ಆದರೂ ಇಟಲಿಯ ಕೋಚ್ ತ್ರಪತ್ತೋನಿ ಅವನನ್ನು ವಿಶ್ವಕಪ್ ತಂಡಕ್ಕೆ ಆರಿಸಲಿಲ್ಲ. ನಾನು ತ್ರಪತ್ತೋನಿಯ ಫಿಸಿಯೋ ಆಗಿದ್ದರೂ ಬೇಡವೆನ್ನುತ್ತಿದ್ದೆ, ಮನೆಗೆ ಹೋಗಿ ಅಳುತ್ತಿದ್ದೆ.

ನಮ್ಮಲ್ಲೂ ಆಶಿಕ್ ಕುರುಣಿಯನ್ ಇದ್ದಾನೆ. ಬೆಂಗಳೂರು ಎಫ್‌ಸಿಗೆ ಆಡಿದ ಕೇರಳದ ವಿಂಗರ್. 2023ರಲ್ಲಿ ಎಸಿಎಲ್ ಗಾಯದಿಂದ ಹೊರಗುಳಿದು, 2024ರ ಜನವರಿಯಲ್ಲಿ ಕತಾರಿನಲ್ಲಿ ನಡೆದ ಏಷ್ಯನ್ ಕಪ್ ಅವನ ಕೈತಪ್ಪಿತು. ನನ್ನ ಹುಡುಗರಿಗೆ ಚಿಗಿರಿಯ ಜೊತೆಗೆ ಅವನ ಹೆಸರನ್ನೂ ಹೇಳುತ್ತೇನೆ. ಅವನದು ಬಣ್ಣದ ಪುಟಗಳಿಲ್ಲದ ಕಥೆ, ಆದರೆ ಕಂಠೀರವದಲ್ಲಿ ಅವರು ಕಣ್ಣಾರೆ ನೋಡಿದ ಕಾಲುಗಳು.

ಮತ್ತೆ ಮಂಗಾಕ್ಕೆ ಬಂದರೆ, ಚಿಗಿರಿ 'ಡಬ್ಲ್ಯು' ತಂಡದ ವಿರುದ್ಧದ ಆ ಪಂದ್ಯದ ನಂತರ ಹಿಂದೆ ನೋಡಲಿಲ್ಲ. ಮುಂದಿನ ಸುತ್ತಿನಲ್ಲಿ ಗೆಳೆಯ ಕುನಿಗಾಮಿ ಮತ್ತು ರಿಯೋ ಜೊತೆ ಸೇರಿ ಇಸಾಗಿಯ ವಿರುದ್ಧವೇ ಆಡಿ ಸೋತ. ಗೆದ್ದವರು ಸೋತವರಲ್ಲಿ ಒಬ್ಬನನ್ನು ಕರೆದುಕೊಳ್ಳಬಹುದೆಂಬ ನಿಯಮದಂತೆ ಇಸಾಗಿಯ ತಂಡ ಇವನನ್ನೇ ಆರಿಸಿತು. ಕಥೆಗಾರರ ಮೇಲೆ ನನಗಿದ್ದ ಮುಖ್ಯ ದೂರೆಂದರೆ ಈ ಹುಡುಗ ಮಂಡಿಗಾಗಿ ಕಸರತ್ತು ಮಾಡುವುದನ್ನು ಅವರು ಬಿಡಿಸಲೇ ಇಲ್ಲ ಎನ್ನುವುದು. ಒಂದು ಟವೆಲ್ ಸುರುಳಿ, ಒಂದು ರಬ್ಬರ್ ಬ್ಯಾಂಡ್, ಏನೂ ಇಲ್ಲ. ಆಮೇಲೆ ಯುರೋಪಿನ ಐದು ದೇಶಗಳ ಕಲ್ಪಿತ ಕ್ಲಬ್ಬುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಹಂತ ಬರುತ್ತದೆ. ಚಿಗಿರಿ ಆರಿಸಿಕೊಂಡದ್ದು ಇಂಗ್ಲೆಂಡಿನ ಮ್ಯಾನ್‌ಶೈನ್ ಸಿಟಿ. ಅಲ್ಲಿಯ ಗುರು ಕ್ರಿಸ್ ಪ್ರಿನ್ಸ್‌ಗೆ ದೇಹ ಕಟ್ಟುವುದೇ ಧರ್ಮ. ಪ್ರತಿ ಹುಡುಗನ ಮೈಯನ್ನು ಅಳೆದು, ಅವನಿಗೆ ತಕ್ಕ ಕಸರತ್ತು ಬರೆದುಕೊಡುತ್ತಾನೆ. ಅಂತೂ ಮಹಾರಾಯರು ಹುಡುಗನನ್ನು ಜಿಮ್ಮಿಗೆ ಕಳಿಸಿದರು. ಆ ಅಧ್ಯಾಯವನ್ನು ಪ್ರಿಂಟ್ ಹಾಕಿಸಿ ಕ್ಲಿನಿಕ್‌ನ ಗೋಡೆಗೆ ಅಂಟಿಸಿ ಎಂದು ಹುಡುಗರು ಕೇಳುತ್ತಿದ್ದಾರೆ. ಕುಪ್ಪಳಿಸುವ ಪರೀಕ್ಷೆಯಲ್ಲಿ ತೊಂಬತ್ತು ಮುಟ್ಟಿದವನು ಬಂದು ಅಂಟಿಸಲಿ ಎಂದಿದ್ದೇನೆ.